ಬೆನ್ನವ್ವನ ದಿನ್ನೆ

ಹುಲ್ಲಿನಲ್ಲಿ ಅಡಗಿದ ಕೂಸನ್ನು ಕಂಡವರು ಕಂಡೆನೆಂದು ಹೇಳಬಾರದು. ಹೊರೆಹಾಳದ ಕಟ್ಟಳೆಗಳಲ್ಲೆಲ್ಲ ಹಳೆಯದು ಇದು. ಊರ ಅಗಸೆಬಾಗಿಲಿಗಿಂತ, ಬಾಗಿಲ ಪಕ್ಕದ ಹನುಮಪ್ಪನ ಗುಡಿಗಿಂತ ಹಳೆಯದು ಎನ್ನುತ್ತಾರೆ. ಅದರಲ್ಲಿ ಅರ್ಥವಾಗದ ಮಾತು ಒಂದೂ ಇಲ್ಲ. ಹೀಗಿದ್ದೂ ಒಂದು ವರ್ಷದ ಹುಲ್ಲುಗೊಯ್ಲಿನಲ್ಲಿ ಇಡೀ ಊರು ಅದನ್ನು ಮುರಿಯಿತು. ತಿಳಿಯದೆ ಮುರಿಯಲಿಲ್ಲ, ಹಸಿವಿಗಾಗಿ ಮುರಿಯಲಿಲ್ಲ. ಕೂತು ಯೋಚಿಸಿ, ಮುರಿದರೂ ಮುರಿದಂತೆ ಕಾಣದ ಉಪಾಯ ಹುಡುಕಿ ಮುರಿಯಿತು. ಆ ಉಪಾಯದ ಗುರುತು ಇವತ್ತಿಗೂ ಬಯಲಿನ ತುಂಬ ಬಿದ್ದಿದೆ. ಊರು ನೋಡಲು ಬಂದವರು ಅದರ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಹೊರೆಹಾಳದ ಬಸ್ ನಿಲ್ದಾಣದಲ್ಲಿ ಇಳಿದು ಪಡುವಣಕ್ಕೆ ನಡೆದರೆ ಎರೆಹೊಲಗಳು ಮುಗಿಯುವಲ್ಲಿ ಕೆಂಪು ಕಲ್ಲಿನ ಒಂದು ದಿನ್ನೆ ಸಿಗುತ್ತದೆ. ಗುಡ್ಡವೆನ್ನುವಷ್ಟು ಎತ್ತರವಿಲ್ಲ, ಆದರೆ ಸುತ್ತ ಎಲ್ಲ ಸಪಾಟು ನೆಲವಾದ್ದರಿಂದ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಅದರ ಬುಡದಲ್ಲಿರುವುದೇ ಬೆನ್ನವ್ವನ ಗುಡಿ. ಗುಡಿಯೆಂದರೆ ನಾಲ್ಕು ಕಲ್ಲುಕಂಬ, ಮೇಲೊಂದು ಚಪ್ಪಡಿ, ಬಾಗಿಲಿಲ್ಲ. ಒಳಗೆ ನಿಂತ ಮೂರ್ತಿ ಭಕ್ತರಿಗೆ ಬೆನ್ನು ಮಾಡಿದೆ. ಪೂಜೆ ಬೆನ್ನಿಗೇ, ಭಂಡಾರದ ಅರಿಸಿನ ಹಚ್ಚುವುದು ಕತ್ತಿನ ಹಿಂಭಾಗಕ್ಕೇ. ಮುಖ ನೋಡೋಣವೆಂದು ಸುತ್ತು ಹಾಕಿದರೆ ಪ್ರಯೋಜನವಿಲ್ಲ. ಮೂರ್ತಿಯ ಮುಂದೆ ಒಂದು ಗೇಣೂ ಬಿಡದೆ ದಿನ್ನೆಯ ಬಂಡೆ ಎದ್ದು ನಿಂತಿದೆ. ದೇವಿ ಊರಿನ ಮೇಲೆ ಮುನಿದು ಮುಖ ತಿರುಗಿಸಿದ್ದಾಳೆ ಎಂದು ದಾರಿಯ ಪಕ್ಕದ ಫಲಕದಲ್ಲಿ ಬರೆದಿದ್ದಾರೆ. ಕಳ್ಳರು ಕಿತ್ತುಕೊಂಡು ಹೋಗಲು ನೋಡಿದಾಗ ಮೂರ್ತಿ ತಿರುಗಿತು ಎಂದು ಚಹಾದಂಗಡಿಯವನು ಹೇಳುತ್ತಾನೆ. ಎರಡೂ ತಪ್ಪು. ಅಲ್ಲಿ ನಿಂತವಳು ದೇವಿಯಲ್ಲ, ಮುನಿದವಳಂತೂ ಅಲ್ಲವೇ ಅಲ್ಲ. ಇನ್ನು ಗುಡಿಯ ಮುಂದಿನ ಬಯಲಲ್ಲಿ ಮೂರು ಮೂರು ಕಲ್ಲು ಒಂದರ ಮೇಲೊಂದು ಪೇರಿಸಿದ ಗುಪ್ಪೆಗಳಿವೆ. ಬಹಳ ಹಳೆಯವು ಐದೇ. ಉಳಿದ ನೂರಾರು ಈಚಿನವು. ಮದುವೆಯಾಗಲಿ, ಮನೆಯಾಗಲಿ ಎಂದು ಬೇಡಿಕೊಂಡು ಬಂದವರು ಇಟ್ಟು ಹೋದವು. ಆ ಕಲ್ಲುಗಳು ಏನೆಂದು ತಿಳಿದಿದ್ದರೆ ಯಾವ ತಾಯಿಯೂ ಮಗುವಿನ ಕೈಗೆ ಕಲ್ಲು ಕೊಟ್ಟು “ನೀನೂ ಒಂದು ಇಡು” ಎನ್ನುತ್ತಿರಲಿಲ್ಲ.

ಹಿಂದೆ ಒಮ್ಮೆ, ಈ ಎರೆಮಣ್ಣಿಗೆ ನೇಗಿಲು ತಾಕುವ ಮೊದಲು, ದಿನ್ನೆಯಿಂದ ಕಣ್ಣು ಹಾಯುವವರೆಗೂ ಎದೆಯೆತ್ತರದ ಹುಲ್ಲಿತ್ತು. ಆ ಹುಲ್ಲಿನಲ್ಲಿ ಚಿಗರಿಮೋರೆಯವರು ಇದ್ದರು. ಬೇರೆ ಸೀಮೆಯವರು ಕೃಷ್ಣಮೃಗ ಎನ್ನುವ ಪ್ರಾಣಿಗೆ ಇಲ್ಲಿ ಚಿಗರಿ ಎಂದು ಹೆಸರು. ಇವರಿಗೆ ಕೊರಳಿನ ಕೆಳಗೆ ನಮ್ಮ ನಿಮ್ಮಂಥದೇ ಮೈ, ಕೈ, ಕಾಲು. ಕೊರಳಿನ ಮೇಲೆ ಚಿಗರಿಯ ತಲೆ. ಅದು ಮುಖವಾಡವಿದ್ದೀತು, ಸೋಗಿದ್ದೀತು ಎಂದು ತಿದ್ದುವ ಜಾಣರಿದ್ದಾರೆ. ಊರಿನವರು ಆ ತಿದ್ದುಪಡಿಯನ್ನು ಒಪ್ಪುವುದಿಲ್ಲ. ಗಂಡಸರಿಗೆ ಸುರುಳಿ ಕೋಡು. ವಯಸ್ಸು ಏರಿದಂತೆ ಸುರುಳಿ ಏರುತ್ತಿತ್ತು, ಮುಖ ಕಪ್ಪಾಗುತ್ತಿತ್ತು. ಹೆಂಗಸರಿಗೆ ಕೋಡಿಲ್ಲ, ಆದರೆ ಕತ್ತಿನ ಹಿಂದೆ ಹಾಲಿನಂಥ ಬಿಳಿ ಕೂದಲಿನ ಒಂದು ಪಟ್ಟಿ. ಎಲ್ಲರಿಗೂ ಕಣ್ಣಿನ ಕೆಳಗೆ ಒಂದು ಸೀಳು, ಅದರಲ್ಲಿ ಕಪ್ಪು ಅಂಟು ಒಸರುತ್ತಿತ್ತು. ಅದನ್ನು ಹುಲ್ಲುಕಡ್ಡಿಯ ತುದಿಗೆ ಸವರಿ ಹೋದರೆ ಯಾರು ಹಾದುಹೋದರು, ಯಾವ ಮನೆತನದವರು, ಮೈಯಲ್ಲಿ ಹುಷಾರಿದೆಯೋ ಇಲ್ಲವೋ ಎಂಬುದು ಹಿಂದೆ ಬಂದವರಿಗೆ ವಾಸನೆಯಿಂದಲೇ ತಿಳಿಯುತ್ತಿತ್ತು. ಅವರ ಗುಂಡಿಗೆ ದೊಡ್ಡದು, ಓಟಕ್ಕೆಂದೇ ಇದ್ದದ್ದು. ಬೆನ್ನಟ್ಟಿ ಸುತ್ತುಗಟ್ಟಿದರೆ ಮಾತ್ರ ಅದೇ ಗುಂಡಿಗೆ ಅವರ ಶತ್ರು. ಕಾಲಿಗೆ ಓಡಲು ಎಡೆ ಸಿಗದಾಗ ಅದು ಒಳಗೊಳಗೇ ಓಡಿ ಒಡೆದುಹೋಗುತ್ತಿತ್ತು.

ಅವರು ತಿಂದದ್ದನ್ನು ಮೆಲುಕು ಹಾಕುತ್ತಿದ್ದರು, ಕೇಳಿದ ಮಾತನ್ನೂ ಹಾಗೆಯೇ. ಬೆಳಿಗ್ಗೆ ಕೇಳಿದ್ದಕ್ಕೆ ಮೇಯ್ದು, ಕೂತು, ಮೆಲುಕು ಮುಗಿಸಿ ಸಂಜೆಗೆ ಉತ್ತರ. ಮೆಲುಕು ಹಾಕದೆ ಕೊಟ್ಟ ಉತ್ತರವನ್ನು ಅವರು ಉತ್ತರವೆಂದೇ ಎಣಿಸುತ್ತಿರಲಿಲ್ಲ. ಅವರಲ್ಲಿ ಹೆಣ್ಣು ಕೇಳಲು ಹೋದವನಿಗೆ ಒಪ್ಪಿಗೆ ಸಿಗುವಷ್ಟರಲ್ಲಿ ಕೋಡು ಸವೆದಿರುತ್ತದೆ ಎಂದು ಹೊರೆಹಾಳದವರು ನಗುತ್ತಿದ್ದರಂತೆ. ಅವರ ತುಟಿಗೆ ನಮ್ಮ ಮಾತು ಬಾರದು, ಕಿವಿಗೆ ಮಾತ್ರ ಎಲ್ಲವೂ ತಿಳಿಯುತ್ತಿತ್ತು. ಕೈಸನ್ನೆಯಲ್ಲಿ, ಕಿವಿ ಹೊರಳಿಸುವ ರೀತಿಯಲ್ಲಿ ಉತ್ತರಿಸುತ್ತಿದ್ದರು. ಎಲ್ಲಕ್ಕಿಂತ ವಿಚಿತ್ರವೆಂದರೆ ಅವರಲ್ಲಿ ಯಾರೂ ಯಾರಿಗೂ ಬೆನ್ನು ತೋರಿಸುತ್ತಿರಲಿಲ್ಲ. ಮಾತು ಮುಗಿದ ಮೇಲೆ ಎದುರಿನವರನ್ನು ನೋಡುತ್ತಲೇ ಹಿಂದಕ್ಕೆ ಹೆಜ್ಜೆ ಹಾಕಿ ಹುಲ್ಲಿನಲ್ಲಿ ಮರೆಯಾಗುತ್ತಿದ್ದರು. ನಮ್ಮಲ್ಲಿ ಬೆನ್ನು ತಿರುಗಿಸುವುದು ತಿರಸ್ಕಾರ. ಅವರಲ್ಲಿ ಅದು ತಾಯಿ ತನ್ನ ಕೂಸಿಗೆ ಮಾತ್ರ ಮಾಡುವ ಕೆಲಸ.

ಅದು ಹೀಗೆ. ಕೂಸು ಹುಟ್ಟಿದ ಸ್ವಲ್ಪ ಹೊತ್ತಿಗೇ ಕಾಲೂರಿ ನಿಲ್ಲುತ್ತಿತ್ತು. ತಾಯಿ ಅದನ್ನು ಹುಲ್ಲಿನಲ್ಲಿ ಮಲಗಿಸಿ ದೂರ ಹೋಗಿಬಿಡುತ್ತಿದ್ದಳು, ಏಕೆಂದರೆ ತೋಳ ಬರುವುದು ತಾಯಿಯ ವಾಸನೆಗೆ. ಎಳೆಗೂಸಿಗೆ ವಾಸನೆಯೇ ಇರಲಿಲ್ಲ. ಕೂಸು ಒಣಹುಲ್ಲಿನ ಬಣ್ಣದ ಮುಖವನ್ನು ನೆಲಕ್ಕೆ ಒತ್ತಿ, ಕಣ್ಣು ತೆರೆದು, ಉಸಿರನ್ನೂ ಸಣ್ಣದು ಮಾಡಿ ಮಲಗಿರುತ್ತಿತ್ತು. ಪಕ್ಕದಲ್ಲಿ ಎತ್ತು ಹಾದರೂ ಅಲುಗದು. ಹಾಲೂಡಿಸಲು ಬಂದ ತಾಯಿ ಹತ್ತಿರ ನಿಂತು ಬೆನ್ನು ತಿರುಗಿಸುವಳು. ಕತ್ತಿನ ಬಿಳಿ ಪಟ್ಟಿ ಕಂಡಿತೋ, ಕೂಸು ಎದ್ದು ಹಿಂದೆ ನಡೆಯುವುದು. ನಡೆಯುವಾಗ ತಾಯಿ ತಿರುಗಿ ನೋಡುವಂತಿಲ್ಲ. ಮುಖ ಕಂಡರೆ ಅಪಾಯವಿದೆ ಎಂದು ಅರ್ಥ. ಕೂಸು ಇದ್ದಲ್ಲೇ ಮತ್ತೆ ನೆಲಕ್ಕೆ ಅಂಟಿಬಿಡುವುದು. ಆ ಬಿಳಿಯ ಹೊರತು ಬೇರೆ ಯಾವುದಕ್ಕೂ, ಹಾಲಿಗೂ ಹಸಿವಿಗೂ, ಅದು ಏಳುತ್ತಿರಲಿಲ್ಲ.

ಹೊರೆಹಾಳದವರ ಬದುಕು ಹುಲ್ಲಿನದು. ಕೊಯ್ದು, ಹೊರೆ ಕಟ್ಟಿ, ಮಾಡಿಗೆ ಹೊದಿಸಲು ಸುತ್ತಿನ ಊರುಗಳಿಗೆ ಹೊತ್ತು ಹಾಕುತ್ತಿದ್ದರು. ಕುಡುಗೋಲು ಬೀಸುತ್ತ ಹೋಗುವವರ ಕಣ್ಣಿಗೆ ಕೂಸು ಬೀಳದೆ ಇರುತ್ತದೆಯೇ? ಕಂಡಲ್ಲಿ ಒಂದು ಬುಡ ಹುಲ್ಲು ಕೊಯ್ಯದೆ ಬಿಟ್ಟು ಮುಂದೆ ಹೋಗುತ್ತಿದ್ದರು. ಆದರೆ ಬಿಟ್ಟ ಹುಲ್ಲೇ ಗುರುತಾಗಿಬಿಟ್ಟರೆ? ಆದ್ದರಿಂದ ಪ್ರತಿಯೊಬ್ಬರೂ ತಮ್ಮ ಸಾಲಿನಲ್ಲಿ ಕೂಸಿಲ್ಲದ ಕಡೆಗಳಲ್ಲೂ ಅಲ್ಲೊಂದು ಇಲ್ಲೊಂದು ಬುಡ ಬಿಡುತ್ತಿದ್ದರು. ಯಾವುದರಲ್ಲಿ ಇದೆ, ಯಾವುದು ಬರಿದು ಎಂಬುದು ಕೊಯ್ದ ಹೆಂಗಸರಿಗೆ ಮಾತ್ರ ಗೊತ್ತು, ಅವರು ಗಂಡನಿಗೂ ಹೇಳರು. ಇದಕ್ಕೆ ಬದಲಾಗಿ ಚಿಗರಿಮೋರೆಯವರು ಏನು ಕೊಡುತ್ತಿದ್ದರು ಎಂದು ಕೇಳುವವರಿದ್ದಾರೆ. ಏನೂ ಕೊಡುತ್ತಿರಲಿಲ್ಲ. ಬದಲಿಗೆ ಏನಾದರೂ ಸಿಗಲೇಬೇಕೆಂದು ಆ ಕಾಲದಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಕೊಯ್ಲಿನವರ ಮುಂದಾಳು ಬಾಳವ್ವ. ಊರ ಗೌಡ ಅಯ್ಯನಗೌಡನ ಅಕ್ಕ. ಎಳೆವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ತಾಯಿಯಿಲ್ಲದ ತಮ್ಮನನ್ನು ಕಂಕುಳಲ್ಲಿ ಹೊತ್ತೇ ಹುಲ್ಲು ಕೊಯ್ದವಳು. ಈ ಕಥೆಯ ಹೊತ್ತಿಗೆ ಅವಳ ತಲೆ ಪೂರ್ತಿ ಬೆಳ್ಳಗಾಗಿತ್ತು. ಹಾಗೆಂದು ಮನೆಯ ಹೆಂಗಸರು ಹೇಳಿ ಊರಿಗೆ ತಿಳಿದಿತ್ತೇ ಹೊರತು ಗಂಡಸರಾರೂ ನೋಡಿರಲಿಲ್ಲ. ಗೌಡರ ಮನೆಯ ಹಿರಿಯ ಹೆಣ್ಣಿನ ಬರಿದಲೆಯನ್ನು ಗಂಡನ ಹೊರತು ಯಾವ ಗಂಡಸು ನೋಡಿದರೂ ಅವನ ವಂಶಕ್ಕೆ ಕೇಡು ಎಂದು ಆ ಸೀಮೆಯಲ್ಲೆಲ್ಲ ನಂಬಿದ್ದರು. ಒಂದು ಸಲ ಕಣದಲ್ಲಿ ಗಾಳಿಗೆ ಅವಳ ಸೆರಗು ಹಾರಿತಂತೆ. ಕಣದಲ್ಲಿದ್ದ ಗಂಡಸರೆಲ್ಲ ಕೈಯಲ್ಲಿದ್ದುದನ್ನು ಬಿಸುಟು ಬಣವೆಯ ಕಡೆ ಮುಖ ಮಾಡಿ ಸಾಲಾಗಿ ನಿಂತರು. ಬಾಳವ್ವ ಸೆರಗು ಹೊದ್ದು, “ತಿರುಗ್ರಪಾ, ಎಷ್ಟೊತ್ತು ಎತ್ತಿನಂಗ ಬಣವಿಗೆ ಮೂಗು ಹಚ್ಚಿ ನಿಲ್ತೀರಿ” ಎಂದಳೆಂದು ಇಂದಿಗೂ ಹೇಳಿಕೊಂಡು ನಗುತ್ತಾರೆ.

ಆ ಕಾಲದಲ್ಲಿ ಮುರಡಿಗಡದ ದೇಸಾಯಿ ಹೊಸ ಕೋಟೆ ಕಟ್ಟಿಸುತ್ತಿದ್ದ. ಸುತ್ತಿನ ಊರುಗಳ ಗಂಡಸರನ್ನು ಬಿಟ್ಟಿ ದುಡಿಮೆಗೆ ಹಿಡಿದು ಒಯ್ದು ಕಲ್ಲು ಎಳೆಸುತ್ತಿದ್ದ. ಹೊರೆಹಾಳದಿಂದ ಹೋದವರಲ್ಲಿ ಕೆಲವರು ಕಲ್ಲಿನ ಅಡಿಯಲ್ಲೇ ಉಳಿದರು. ಚಿಗರಿಮೋರೆಯವರ ಕಿವಿ ಗಾವುದ ದೂರದ ಕುದುರೆ ಹೆಜ್ಜೆಯನ್ನು ಕೇಳುತ್ತದೆ ಎಂದು ಯಾರೋ ಅವನಿಗೆ ಹೇಳಿದರು. ಅಂಥವರು ಕೋಟೆಯ ಬುರುಜಿನ ಮೇಲೆ ಕಾವಲಿಗಿದ್ದರೆ ಶತ್ರುಗಳ ಭಯವಿಲ್ಲ ಎಂದು ಅವನು ಸವಾರರನ್ನು ಕಳಿಸಿ ಕೋಡಿನವನೊಬ್ಬನನ್ನು ಹಿಡಿಸಿದ. ಯಾರೂ ಅವನಿಗೆ ಹೊಡೆಯಲಿಲ್ಲ. ಕಂಬಳಿ ಹಾಸಿದರು, ನೀರು ಇಟ್ಟರು. ನಿಂತಿದ್ದವನು ನಿಂತಂತೆಯೇ ಮೂಗಿನಲ್ಲಿ ರಕ್ತ ಬಂದು ಬಿದ್ದ. ಎಳೆಗೂಸು ಇನ್ನೂ ಭಯ ಕಲಿತಿರುವುದಿಲ್ಲ, ಅದನ್ನು ತಂದು ಸಾಕಬಹುದು ಎಂದು ದೇಸಾಯಿ ಲೆಕ್ಕ ಹಾಕಿದ್ದು ಆಮೇಲೆ. ಅವನ ಸವಾರರ ಮುಖಂಡ ರಾಣೋಜಿ ಹುಲ್ಲೆಲ್ಲ ತಡಕಿದರೂ ಒಂದು ಕೂಸೂ ಅವನ ಕಣ್ಣಿಗೆ ಬೀಳಲಿಲ್ಲ. ಆಗ ಹೊರೆಹಾಳಕ್ಕೆ ಹೇಳಿಕೆ ಬಂತು: ಕೂಸು ಎಲ್ಲಿದೆ ಎಂದು ತಿಳಿಸಿದರೆ ಇನ್ನು ಈ ಊರಿನ ಒಬ್ಬ ಗಂಡಸನ್ನೂ ಬಿಟ್ಟಿಗೆ ಒಯ್ಯುವುದಿಲ್ಲ.

ಚಾವಡಿಯಲ್ಲಿ ಊರು ಸೇರಿತು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಒಳಬಾಗಿಲ ಮರೆಯಲ್ಲಿ. ಕಟ್ಟಳೆಯ ಮಾತನ್ನು ಮೊದಲು ಎತ್ತಿದವನು ಒಬ್ಬ ಮುದುಕ. ಅಯ್ಯನಗೌಡ ಸಮಾಧಾನವಾಗಿಯೇ ಉತ್ತರಿಸಿದ.

“ಕಟ್ಟಳಿ ಏನ್ ಹೇಳ್ತೈತಿ ಕಾಕಾ? ಕಂಡೆ ಅಂತ ಹೇಳಬ್ಯಾಡ ಅಂತೈತಿ. ಇಲ್ಲಿ ಯಾರು ಹೇಳಾಕತ್ತಾರ? ಕೂಸಿರೋ ಹುಲ್ಲಿನ ಬಾಜೂಕ ಮೂರು ಕಲ್ಲು ಇಟ್ಟು ಮುಂದ ಹೋಗೂದು. ಕಲ್ಲಿಗೇನು ನಾಲಿಗಿ ಐತೇನು?”

ಕಟ್ಟೆಯ ಮೇಲೆ ನಗು ಎದ್ದಿತು. ಎದೆಯ ಭಾರ ಇಳಿದ ನಗು ಅದು. ಒಳಬಾಗಿಲಿನಿಂದ ಬಾಳವ್ವನ ದನಿ ಕೇಳಿತು.

“ತಮ್ಮಾ, ಸಣ್ಣಾವ ಇದ್ದಾಗ ಗಡಿಗ್ಯಾನ ಬೆಲ್ಲಾ ತಿಂದು, ನಾ ತಗೊಂಡಿಲ್ಲ, ಇರುವಿ ತಂದು ಬಾಯಾಗ ಹಾಕಿದ್ವು ಅಂದಿದ್ದಿ. ನಾ ನಕ್ಕು ಬಿಟ್ಟೆ. ಅವತ್ತ ನಾಕು ಬಡದಿದ್ರ ಇವತ್ತ ಈ ಮಾತು ಬರ್ತಿದ್ದಿಲ್ಲ.”

“ಅಕ್ಕಾ, ಕೋಟಿ ಕಲ್ಲಿನ ಬುಡಕ ಮಕ್ಕಳನ್ನ ಕಳಕೊಂಡವರು ಇಲ್ಲಿ ಕುಂತಾರ. ನಿನಗ ಮಕ್ಕಳಿಲ್ಲ. ನಿನಗ ಇದು ತಿಳಿಯೂದಿಲ್ಲ.”

“ಹೌದು, ಇಲ್ಲ” ಎಂದಳು ಬಾಳವ್ವ. “ಇದ್ದೊಬ್ಬಾವ ನೀನ.”

ಕೊಯ್ಲು ಮೊದಲಾಯಿತು. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಹಾಡು ಹೇಳುತ್ತ ಕೊಯ್ಯುವ ಹೆಂಗಸರು ಆ ವರ್ಷ ಹಾಡಲಿಲ್ಲ ಎನ್ನುತ್ತಾರೆ. ಕೊಯ್ದವರು ಹೋದ ಮೇಲೆ ಬಿಟ್ಟ ಹುಲ್ಲಿನ ಬುಡಗಳ ನಡುವೆ ಅಲ್ಲೊಂದು ಇಲ್ಲೊಂದು ಕಲ್ಲಿನ ಗುಪ್ಪೆ ಎದ್ದವು. ಕೂಸನ್ನು ಕಾಯಲು ಅಜ್ಜಿ ಮುತ್ತಜ್ಜಿಯರ ಕಾಲದಿಂದ ಬಿಡುತ್ತ ಬಂದ ಹುಲ್ಲಿನ ಪಕ್ಕದಲ್ಲೇ, ಅದನ್ನು ಹಿಡಿದುಕೊಡುವ ಕಲ್ಲು. ಇಟ್ಟವರು ದುಷ್ಟರಾಗಿದ್ದರೆ ಈ ಕಥೆಯನ್ನು ಬರೆಯುವ ಅಗತ್ಯವೇ ಇರಲಿಲ್ಲ. ಅವರು ಒಳ್ಳೆಯ ಜನ, ಮನೆಗೆ ಬಂದವರಿಗೆ ಮಜ್ಜಿಗೆ ಕೊಟ್ಟು ಕಳಿಸುವ ಜನ. ಪ್ರತಿಯೊಬ್ಬರೂ ತಾವು ಇಟ್ಟದ್ದು ಬರಿಯ ಕಲ್ಲು ಎಂದುಕೊಂಡರು. ಸವಾರರು ಬಂದು ಐದು ಕೂಸುಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಹೋದರು. ಒಂದೂ ಅಳಲಿಲ್ಲ, ಅಡಗಿದ ಕೂಸು ಅಳಬಾರದೆಂದು ಅವುಗಳಿಗೆ ಹುಟ್ಟಿನಲ್ಲೇ ತಿಳಿದಿತ್ತು.

ಮಾರನೆಯ ಬೆಳಿಗ್ಗೆ ಚಿಗರಿಮೋರೆಯ ಹೆಂಗಸರು, ಗಂಡಸರು ಊರ ಗಡಿಗಲ್ಲಿನ ಆಚೆ ಬಂದು ಸಾಲಾಗಿ ಊರಿನ ಕಡೆ ಮುಖ ಮಾಡಿ ನಿಂತರು. ಕೂಗಲಿಲ್ಲ, ಕಲ್ಲೆಸೆಯಲಿಲ್ಲ. ಸುಮ್ಮನೆ ನಿಂತು ಮೆಲುಕು ಹಾಕಿದರು. ಆದದ್ದೇನೆಂದು ಅವರು ಬಾಯಲ್ಲಿಟ್ಟುಕೊಂಡು ಅಗಿಯುತ್ತಿದ್ದರು. ನೀರಿಗೆ ಹೊರಟ ಹೆಂಗಸರು ಬರಿಗೊಡ ಹೊತ್ತು ಹಿಂದಿರುಗಿದರು. ಆ ದಿನ ಯಾರೂ ಬಾವಿಗೆ ಹೋಗಲಿಲ್ಲ. ಹೊತ್ತು ಇಳಿದಾಗ ದವಡೆಗಳು ನಿಂತವು, ಕಿವಿಗಳೆಲ್ಲ ಒಟ್ಟಿಗೆ ಕೆಳಕ್ಕೆ ಬಾಗಿದವು. ಅವರ ಉತ್ತರ ಅಷ್ಟೇ. ಊರನ್ನು ನೋಡುತ್ತಲೇ ಒಂದೊಂದು ಹೆಜ್ಜೆ ಹಿಂದಕ್ಕಿಟ್ಟು, ಕೊಯ್ದ ಬಯಲನ್ನು ದಾಟಿ, ದಿನ್ನೆಯನ್ನು ಹತ್ತಿ, ಆಚೆಗೆ ಇಳಿದು ಹೋದರು. ಮತ್ತೆ ಅವರಲ್ಲಿ ಯಾರನ್ನೂ ಊರಿನವರು ಕಾಣಲಿಲ್ಲ, ಒಬ್ಬಳನ್ನು ಬಿಟ್ಟು. ಅವಳನ್ನು ಊರಿನವರು ನೆಟ್ಟಗಿವಿ ಎಂದು ಕರೆಯುತ್ತಿದ್ದರು. ತುಂಬಿದ ಬಸುರಿ, ಅಷ್ಟು ದೂರ ನಡೆಯಲಾರದೆ ಕೊನೆಯಲ್ಲಿ ಉಳಿದ ಹುಲ್ಲಿನಲ್ಲಿ ನಿಂತುಬಿಟ್ಟಳು. ಕೊಯ್ಯದೆ ಉಳಿದಿದ್ದ ಹುಲ್ಲು ಬಾಳವ್ವನ ಸಾಲಿನದು, ಆ ವರ್ಷ ಅವಳು ಬುಡಗಳನ್ನು ಒತ್ತೊತ್ತಾಗಿ ಬಿಟ್ಟಿದ್ದಳು.

ಕೋಟೆಯ ಸುದ್ದಿ ತಂದವಳು ಅಲ್ಲಿಗೆ ಹಾಲು ಹಾಕುತ್ತಿದ್ದ ಗೌಳಿ ಹೆಂಗಸು. ಬಾವಿಕಟ್ಟೆಯ ಮೇಲೆ ಕೂತು ಅವಳು ಹೇಳಿದ ಮಾತನ್ನು ಹೊರೆಹಾಳದಲ್ಲಿ ಇಂದಿಗೂ ದನಿ ತಗ್ಗಿಸಿ ಹೇಳುತ್ತಾರೆ. “ಅವನ್ನ ಯಾರೂ ಕಟ್ಟಿಲ್ಲವ್ವ. ಬಾಗಿಲಾ ತಗದ ಐತಿ. ಹಾಲಿನ ಬಟ್ಟಲಾ ಮೂಗಿಗೆ ಹಿಡಿದೆ, ತಲಿ ಎತ್ತಲಿಲ್ಲ. ಕಣ್ಣು ತಕ್ಕೊಂಡು ಕಲ್ಲಿನ ಮ್ಯಾಲ ಮಕಾ ಹಚ್ಚಿ ಮಲಗ್ಯಾವ. ಯಾರರೆ ಬರ್ತಾರೇನೋ ಅಂತ ಕಾಯೂ ಹಂಗ.” ಯಾರಿಗಾಗಿ ಕಾಯುತ್ತಿವೆ ಎಂದು ಅಲ್ಲಿದ್ದ ಪ್ರತಿಯೊಬ್ಬಳಿಗೂ ಗೊತ್ತಿತ್ತು. ಏನು ಮಾಡಿದರೆ ಅವು ಏಳುತ್ತವೆ ಎಂದೂ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ಕಟ್ಟಳೆ ಮುರಿದ ಹಾಗಾಗುತ್ತದಲ್ಲ! ಬಾಳವ್ವ ಕೊಡವನ್ನು ಅಲ್ಲೇ ಇಟ್ಟು ಮುರಡಿಗಡಕ್ಕೆ ನಡೆದಳು. ಅವಳು ಕೋಟೆ ಮುಟ್ಟುವಷ್ಟರಲ್ಲಿ ಕೂಸುಗಳು ಮಲಗಿದ್ದ ಅಂಗಳವನ್ನು ಗುಡಿಸಿ ನೀರು ಹಾಕಿದ್ದರು.

ಇದಿಷ್ಟು ಆದ ಮೇಲಾದರೂ ಊರು ಸಾಕು ಎನ್ನಬೇಕಿತ್ತು. ಅನ್ನಲಿಲ್ಲ. ರಾಣೋಜಿ ಮತ್ತೆ ಬಂದ. ಐದೂ ಕೆಲಸಕ್ಕೆ ಬರಲಿಲ್ಲ, ಇನ್ನೊಂದು ಬೇಕು ಎಂದ. ಅವನ ಸವಾರರು ನೆಟ್ಟಗಿವಿಯನ್ನು ಕಂಡು ಅಟ್ಟಿಸಿದ್ದರು. ಅವಳ ಹೊಟ್ಟೆ ಬರಿದಾಗಿತ್ತು, ಎದೆಯಲ್ಲಿ ಹಾಲಿತ್ತು. ದಿನ್ನೆಯ ಬುಡಕ್ಕೆ ಬರುವಷ್ಟರಲ್ಲಿ ಗುಂಡಿಗೆ ಒಡೆದು ಬಿದ್ದಳು. ಆದ್ದರಿಂದ ಕೂಸು ಬಾಳವ್ವನ ಸಾಲಿನಲ್ಲೇ ಇದೆ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಅಡ್ಡಾಡಿ ಹುಡುಕಿದರು, ಸಿಗಲಿಲ್ಲ. ನಾಳೆ ಬೆಳಿಗ್ಗೆ ಮುದುಕಿಯೇ ಕಲ್ಲು ಇಡಲಿ, ಇಲ್ಲವಾದರೆ ಊರಿನ ಎಲ್ಲ ಗಂಡಸರೂ ಕೋಟೆಗೆ, ಮೊದಲು ಗೌಡ ಎಂದು ಹೇಳಿ ಹೋದ.

ಅಯ್ಯನಗೌಡ ಅಕ್ಕನ ಮುಂದೆ ಬಂದು ಕೂತ. ಅವಳು ಕುಡುಗೋಲು ಮಸೆಯುತ್ತಿದ್ದಳು.

“ಅಕ್ಕಾ, ಐದು ಹೋಗ್ಯಾವ. ಆರನೇದು ಹೋದ್ರ ಹೊಸಾ ಪಾಪ ಏನ್ ಬರ್ತೈತಿ? ಇದ್ದದ್ದರಾಗ ಸೇರ್ತೈತಿ.”

“ಹಂಗಂದ್ರ ನೀ ಉಂಡದ್ದು ಐದು ರೊಟ್ಟಿ ಅಂತ ಆರನೇದು ನಿನ್ನ ಹೊಟ್ಟ್ಯಾಗ ಹೋಗೂದಿಲ್ಲೇನು?”

“ನಗಚಾಟಿ ಬ್ಯಾಡ. ನೀ ಆ ಕೂಸು ಕಂಡೀ ಹೌದಿಲ್ಲೊ?”

“ನಾ ಕಂಡಿಲ್ಲ.”

“ಸುಳ್ಳು.”

“ಸುಳ್ಳಲ್ಲೋ. ಕಟ್ಟಳಿ.”

ಅವನು ಅವಳ ಹತ್ತಿರಕ್ಕೆ ಸರಿದು ಕೂತ. ಆಮೇಲೆ, “ನನ್ನ ಒಯ್ತಾರ ಅಕ್ಕಾ” ಎಂದ. ಚಾವಡಿಯ ದನಿಯಲ್ಲ ಅದು, ಕಂಕುಳಲ್ಲಿದ್ದಾಗಿನ ದನಿ. ಬಾಳವ್ವ ಮಸೆಯುವುದನ್ನು ನಿಲ್ಲಿಸಿ ಅವನ ತಲೆಯ ಮೇಲೆ ಕೈಯಿಟ್ಟಳು. ಅವನು ಅದನ್ನೇ ಒಪ್ಪಿಗೆ ಎಂದುಕೊಂಡು ಎದ್ದು ಹೋದ. ಅವಳ ಮನಸ್ಸಿನಲ್ಲಿದ್ದದ್ದು ಬೇರೆ. ಕಲ್ಲು ಇಟ್ಟರೆ ಕೂಸು ಕೋಟೆಯ ಅಂಗಳದಲ್ಲಿ ಮಲಗಿ ಸಾಯುತ್ತದೆ. ಇಡದಿದ್ದರೆ ಹುಲ್ಲಿನಲ್ಲೇ ಮಲಗಿ ಸಾಯುತ್ತದೆ. ಅದನ್ನು ಎಬ್ಬಿಸಬೇಕಾದವಳು ದಿನ್ನೆಯ ಬುಡದಲ್ಲಿ ಬಿದ್ದಿದ್ದಳು. ಸುಮ್ಮನೆ ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುವ ಕಾಲ ದಾಟಿಹೋಗಿತ್ತು.

ಬೆಳಗಾಯಿತು. ಬಯಲಿನ ಒಂದು ಬದಿಗೆ ಸವಾರರು, ಇನ್ನೊಂದು ಬದಿಗೆ ಊರು. ಹೆಂಗಸರು ಕುಡುಗೋಲು ಹಿಡಿದೇ ಬಂದಿದ್ದರು, ದಿನವೂ ಬರುವ ಹಾಗೆ. ಅಯ್ಯನಗೌಡ ಮೂರು ಕಲ್ಲು ಆರಿಸಿ ಅಕ್ಕನ ಉಡಿಗೆ ಹಾಕಿದ. ಬಾಳವ್ವ ಬಿಟ್ಟ ಹುಲ್ಲಿನ ಬುಡಗಳ ನಡುವೆ ಒಬ್ಬಳೇ ನಡೆದಳು. ಒಂದು ಬುಡ ದಾಟಿದಳು, ಇನ್ನೊಂದು ದಾಟಿದಳು. ಎಲ್ಲರ ಕಣ್ಣೂ ಅವಳ ಕೈಯ ಮೇಲೆ. ಎಲ್ಲಿ ನಿಲ್ಲುತ್ತಾಳೆ, ಎಲ್ಲಿ ಬಗ್ಗುತ್ತಾಳೆ ಎಂದು ರಾಣೋಜಿ ಜೀನಿನ ಮೇಲೆ ಎದ್ದು ನಿಂತು ನೋಡಿದ. ಅವಳು ನಿಂತಳು. ಬಗ್ಗಲಿಲ್ಲ. ಉಡಿ ಬಿಚ್ಚಿ ಕಲ್ಲನ್ನು ಕಾಲ ಬಳಿ ಕೆಡವಿದಳು. ಆಮೇಲೆ, ತಮ್ಮನೂ ಸೇರಿದಂತೆ ಯಾವ ಗಂಡಸೂ ಕಂಡಿರದ ತನ್ನ ತಲೆಯಿಂದ ಸೆರಗನ್ನು ತೆಗೆದಳು.

ಊರಿನ ಗಂಡಸರು ಥಟ್ಟನೆ ಮುಖವನ್ನು ಊರಿನ ಕಡೆ ತಿರುಗಿಸಿದರು. ಅಯ್ಯನಗೌಡ ಎರಡು ಅಂಗೈಯಲ್ಲಿ ಕಣ್ಣು ಮುಚ್ಚಿಕೊಂಡು ಕುಸಿದು ಕೂತ. ರಾಣೋಜಿಯೂ ಅದೇ ಸೀಮೆಯಲ್ಲಿ ಹುಟ್ಟಿದವನು, ಅವನ ಮನೆಯಲ್ಲೂ ತೊಟ್ಟಿಲಿತ್ತು. ಬೈಯುತ್ತ ಕುದುರೆಯನ್ನು ಹೊರಳಿಸಿದ, ಅವನ ಸವಾರರೂ ಹೊರಳಿಸಿದರು. ತಾಯಿಯಿಂದ ಕೂಸನ್ನು ಕಿತ್ತುಕೊಳ್ಳಲು ಅಂಜದ ಅಷ್ಟೂ ಗಂಡಸರು ಒಬ್ಬ ಮುದುಕಿಯ ಬರಿದಲೆ ನೋಡಲು ಅಂಜಿದರು. ಆ ಬಯಲಿನಲ್ಲಿ ಆಗ ಕಣ್ಣು ತೆರೆದಿದ್ದವರು ಹೆಂಗಸರು ಮಾತ್ರ. ಅವರು ಎಲ್ಲವನ್ನೂ ನೋಡಿದರು. ಆಮೇಲೆ ರಾಣೋಜಿ ಒಬ್ಬೊಬ್ಬಳನ್ನೂ ನಿಲ್ಲಿಸಿ ಕೇಳಿದಾಗ ಒಬ್ಬೊಬ್ಬಳೂ “ನಾ ಕಂಡಿಲ್ಲ” ಎಂದಳಂತೆ. ಹೇಳಿದಂತೆಯೇ ಮೊದಲು ಅಯ್ಯನಗೌಡನನ್ನು ಕೋಟೆಗೆ ಒಯ್ದರು. ಅವನು ಕಲ್ಲು ಎಳೆದ, ಮತ್ತೆ ಯಾರ ಮೇಲೂ ದೂರು ಹೇಳಲಿಲ್ಲ ಎನ್ನುತ್ತಾರೆ. ಬಾಳವ್ವ ಊರಿಗೆ ಮರಳಲಿಲ್ಲ. ಈ ಮೂರ್ತಿಯನ್ನು ಕಡೆಸಿ ನಿಲ್ಲಿಸಿದವರು ಆ ಹೆಂಗಸರೇ.

ಇಂದು ಆ ಗುಡಿಗೆ ಹೋದವರು ನೋಡುವುದು ಅವರು ಅಂದು ನೋಡಿದ್ದನ್ನು. ಭುಜದ ಮೇಲೆ ಜಾರಿ ಬಿದ್ದ ಸೆರಗಿನ ನಿರಿ, ಕತ್ತಿನ ಹಿಂದೆ ಹರವಿದ ಕೂದಲಿನ ಗೆರೆ, ಬೆನ್ನ ಹಿಂದಕ್ಕೆ ತುಸು ಚಾಚಿ ಬೆರಳು ಬಿಡಿಸಿದ ಎಡಗೈ. ಅವಳ ನರೆಗೂದಲು ಹಾಲಿನಂತೆ ಬೆಳ್ಳಗಿತ್ತೆಂದು ತೋರಿಸಲು ಮೊದಲೆಲ್ಲ ಅಲ್ಲಿಗೆ ಸುಣ್ಣ ಬಳಿಯುತ್ತಿದ್ದರು, ಭಂಡಾರ ಆಮೇಲೆ ಬಂದದ್ದು. ಪಕ್ಕದ ಬಂಡೆಯ ಮೇಲೆ ಪುಟ್ಟ ಪಾದದ ಗುರುತುಗಳಿವೆ. ದೊಡ್ಡ ಹೆಜ್ಜೆಯ ಹಿಂದೆಯೇ ದಿನ್ನೆಯನ್ನು ಹತ್ತಿ ಮರೆಯಾಗುತ್ತವೆ. ನಾವು ಕೈಮುಗಿದು ನಿಲ್ಲುವ ಜಾಗ ಆ ಬುಡ ಹುಲ್ಲು ಇದ್ದ ಜಾಗ. ಅಲ್ಲಿ ನಿಂತಾಗ ನಾವು ಕೂಸಿನ ಕಣ್ಣಿನಿಂದ ಅವಳನ್ನು ನೋಡುತ್ತೇವೆ. ಮುನಿಸು ಎಂದು ಫಲಕ ಹೇಳುವುದು ಇದನ್ನೇ. ಆ ಬೆಳಿಗ್ಗೆ ಬಾಳವ್ವ ಜಡೆಯ ಗಂಟನ್ನು ಬಿಚ್ಚಿ ಬಿಳಿಗೂದಲನ್ನು ಕತ್ತಿನ ಮೇಲೆ ಹರಡಿದಳು, ಹುಲ್ಲಿಗೆ ಬೆನ್ನು ಮಾಡಿದಳು, ಹಿಂದೆ ಏನಾದರೂ ಅಲುಗಿತೋ ಇಲ್ಲವೋ ಎಂದು ತಿರುಗಿ ನೋಡದೆ ದಿನ್ನೆಯ ಕಡೆ ನಡೆದಳು.